ಸಣ್ಣ ದತ್ತಿಯ ದೊಡ್ಡ ಫಲ

ವಿದ್ಯಾದಾನವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ದೊಡ್ಡ ಕಟ್ಟಡ, ದೊಡ್ಡ ಮೊತ್ತ. ಆದರೆ ವಿದ್ವಾಂಸನಿಗೆ ಅನೇಕ ವೇಳೆ ಬೇಕಾಗುವುದು ಒಂದು ಪ್ರಯಾಣದ ವೆಚ್ಚ, ಕೆಲವು ವಾರಗಳ ವಸತಿ, ಹಸ್ತಪ್ರತಿಗಳ ನಕಲಿಗೆ ತಗಲುವ ಹಣ, ಇಷ್ಟೇ. ಅಷ್ಟೂ ಒದಗದಿದ್ದರೆ ವರ್ಷಗಳ ಅಧ್ಯಯನ ಅರ್ಧಕ್ಕೆ ನಿಲ್ಲುತ್ತದೆ. ಜಪಾನಿನ ಅಧ್ಯಯನಕ್ಕೆ ಅಮೆರಿಕದಲ್ಲಿ ದೊರೆತ ಸಣ್ಣ ಧನಸಹಾಯಗಳ ಇತಿಹಾಸವು ಈ ದೃಷ್ಟಿಯಿಂದ ಮನನಯೋಗ್ಯವಾಗಿದೆ.

ಆ ಹಣದ ಮೂಲವೇ ವಿಚಾರಾರ್ಹವಾದುದು. 1945ರಲ್ಲಿ ಜಪಾನಿನ ಒಕಿನಾವಾ ದ್ವೀಪದಲ್ಲಿ ನಡೆದ ಘೋರ ಕಾಳಗದಲ್ಲಿ 2 ಲಕ್ಷಕ್ಕೂ ಮಿಕ್ಕಿ ಜನರು ಮಡಿದರು. ಯುದ್ಧಾನಂತರ ಅಮೆರಿಕದ ಆಡಳಿತದಲ್ಲಿದ್ದ ಆ ದ್ವೀಪವು 1972ರಲ್ಲಿ ಜಪಾನಿಗೆ ಮರಳಿತು. ಆ ಹಸ್ತಾಂತರದ ಒಪ್ಪಂದದಲ್ಲಿ ಜಪಾನ್ 32 ಕೋಟಿ ಡಾಲರು ತೆರಲು ಒಪ್ಪಿತ್ತು. ಅಲ್ಲಿ ಅಮೆರಿಕ ನಿರ್ಮಿಸಿದ್ದ ಸೌಕರ್ಯಗಳಿಗಾಗಿ ಸಂದ ಹಣದಿಂದಲೂ, ಯುದ್ಧಾನಂತರದ ನೆರವಿಗಾಗಿ ಜಪಾನ್ ಮರಳಿಸಿದ ಹಣದಿಂದಲೂ ಒಂದು ನಿಧಿಯನ್ನು ರೂಪಿಸಿ, 1975ರಲ್ಲಿ ಅಮೆರಿಕದ ಸಂಸತ್ತು ಜಪಾನ್-ಅಮೆರಿಕ ಮೈತ್ರಿ ಆಯೋಗವನ್ನು ಸ್ಥಾಪಿಸಿತು. ಒಕಿನಾವಾದ ನೋವು ಇದರಿಂದ ನೀಗಿತೆಂದು ನಾವು ಹೇಳಲಾರೆವು. ಸೇನಾನೆಲೆಗಳು ಇಂದಿಗೂ ಅಲ್ಲಿವೆ. ಆದರೆ ಕಾದಾಡಿದ ಎರಡು ದೇಶಗಳು ಪರಸ್ಪರರನ್ನು ಓದಿ ಅರಿಯಲು ಆ ಹಣದ ಒಂದಂಶ ವಿನಿಯೋಗವಾಯಿತೆಂಬುದು ಸಣ್ಣ ಮಾತಲ್ಲ.

ಈ ನಿಧಿಯ ನೆರವಿನಿಂದ ಅಮೆರಿಕದ ಏಷ್ಯಾ ಅಧ್ಯಯನ ಸಂಘವು ತನ್ನ ಈಶಾನ್ಯ ಏಷ್ಯಾ ಮಂಡಳಿಯ ಮುಖಾಂತರ ಸಣ್ಣ ಅನುದಾನಗಳನ್ನು ಹಂಚುತ್ತ ಬಂದಿತು. ಜಪಾನಿಗೆ ಅಲ್ಪಾವಧಿಯ ಸಂಶೋಧನಾ ಪ್ರಯಾಣ, ಬೋಧನೆಯ ಕುರಿತ ಗೋಷ್ಠಿ ಮುಂತಾದುವು ಇದರ ಪರಿಧಿಗೆ ಸೇರಿದ್ದವು.

ಇಷ್ಟಕ್ಕಾಗಿ ಜಪಾನಿಗೇ ಹೋಗಬೇಕೆ ಎಂದು ಓದುಗರು ಕೇಳಬಹುದು. 1900ರಲ್ಲಿ ಶಾಲೆಗಳಿಗಾಗಿ ಜಪಾನಿನ ಕಾನಾ ಅಕ್ಷರಗಳನ್ನು ಏಕರೂಪಗೊಳಿಸಿದ ಮೇಲೆ, 'ಕುಜುಶಿಜಿ' ಎಂಬ ಹಳೆಯ ಕೂಡುಬರಹವು ಕ್ರಮೇಣ ಬಳಕೆ ತಪ್ಪಿತು. ಇಂದು ಅದನ್ನು ಓದಬಲ್ಲವರು ಜಪಾನೀಯರಲ್ಲಿಯೂ ವಿರಳ. ದೇವಾಲಯಗಳಲ್ಲಿ, ಹಳೆಯ ಮನೆತನಗಳಲ್ಲಿ ಉಳಿದ ಕಾಗದಪತ್ರಗಳನ್ನು ಬಲ್ಲವರ ಬಳಿ ಕುಳಿತೇ ಕಲಿಯಬೇಕು. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿರುವ ಮೋಡಿ ಲಿಪಿಯ ದಾಖಲೆಗಳ ಪಾಡೂ ಇದಕ್ಕೆ ಹೊರತಲ್ಲ.

ಸಕಾಲದ ನೆರವು ಏನನ್ನು ಸಾಧಿಸಬಲ್ಲದೆಂಬುದಕ್ಕೆ ಡೊನಾಲ್ಡ್ ಕೀನ್ ಅವರ ಬಾಳು ನಿದರ್ಶನವಾಗಿದೆ. 1940ರಲ್ಲಿ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ 49 ಸೆಂಟುಗಳಿಗೆ ಕೊಂಡ 'ಗೆಂಜಿಯ ಕಥೆ'ಯ ಅನುವಾದವು ಅವರನ್ನು ಜಪಾನಿನತ್ತ ಸೆಳೆಯಿತು. 1953ರಲ್ಲಿ ಫೋರ್ಡ್ ಪ್ರತಿಷ್ಠಾನದ ಶಿಷ್ಯವೇತನದಿಂದ ಅವರು ಕ್ಯೋಟೋದಲ್ಲಿ ನೆಲೆಸಿ ಅಧ್ಯಯನ ಮಾಡಿದರು. 1955ರಲ್ಲಿ ಪ್ರಕಟವಾದ ಅವರ ಜಪಾನೀ ಸಾಹಿತ್ಯ ಸಂಕಲನವು ಇಂಗ್ಲಿಷ್ ಓದುಗರಿಗೆ ಆ ಸಾಹಿತ್ಯದ ಬಾಗಿಲನ್ನು ತೆರೆಯಿತು. 2012ರಲ್ಲಿ ಅವರು ಜಪಾನಿನ ಪೌರತ್ವವನ್ನೇ ಪಡೆದು, 2019ರಲ್ಲಿ ಅಲ್ಲಿಯೇ ಕಾಲವಾದರು.

ನಮ್ಮಲ್ಲಿ ಹಿರಿಯರ ಹೆಸರಿನಲ್ಲಿ ದತ್ತಿ ಇಟ್ಟು ವರ್ಷಕ್ಕೊಂದು ಉಪನ್ಯಾಸ ನಡೆಸುವ ಪರಿಪಾಠ ಉಂಟು. ಅದು ಸ್ತುತ್ಯವೇ. ಅಂಥ ದತ್ತಿಗಳಲ್ಲಿ ಕೆಲವಾದರೂ ಲಿಪಿ ಕಲಿಯಲು, ಹಸ್ತಪ್ರತಿ ನೋಡಲು ಪರಸ್ಥಳಕ್ಕೆ ಹೊರಟ ಒಬ್ಬ ವಿದ್ಯಾರ್ಥಿಯ ದಾರಿಖರ್ಚಾಗಲಿ. ಮೊತ್ತ ಚಿಕ್ಕದೆಂದು ಹಿಂಜರಿಯಬೇಕಿಲ್ಲ. ಬೇಕಾದವನಿಗೆ ಬೇಕಾದ ವೇಳೆಗೆ ಅದು ತಲುಪಿದರೆ ಸಾಕೆಂಬುದೇ ನಮ್ಮ ಅಭಿಮತ.