ಬೆನ್ನು ನೋವಿನ ಮಾಜಿ ಸೈನಿಕರ ಪಿಂಚಣಿ: ಅರ್ಜಿ ತಿರಸ್ಕೃತವಾದರೆ ಏನು ಮಾಡಬೇಕು?

ತೇನಿ, ಕಂಬಂ ಕಣಿವೆ, ದಿಂಡಿಗಲ್ ಕಡೆಯ ನಮ್ಮ ಒಕ್ಕಲು ಮನೆಗಳಲ್ಲಿ ಸೈನ್ಯಕ್ಕೆ ಹೋಗಿ ಬಂದವರಿದ್ದಾರೆ. ಬೆನ್ನುಮೂಳೆಯ ಡಿಸ್ಕ್ ಜಾರಿದವರಿಗೆ ದ್ರಾಕ್ಷಿ ಚಪ್ಪರದಡಿ ನಿಲ್ಲುವುದೂ ಭತ್ತದ ಮೂಟೆ ಎತ್ತುವುದೂ ಕಷ್ಟ. ಅಂಥವರಿಗೆ ಅಂಗವಿಕಲ ಪಿಂಚಣಿಯೇ ಆಸರೆ. 'ಸೇವೆಯಿಂದ ಬಂದ ಕಾಯಿಲೆಯಲ್ಲ' ಎಂಬ ಉತ್ತರ ಬಂದರೆ ಕೈಚೆಲ್ಲಬಾರದು.

ಕಾಯಿಲೆ ಸೇವೆಯಿಂದ ಬಂದಿರಬೇಕು, ಇಲ್ಲವೇ ಸೇವೆಯಿಂದ ಉಲ್ಬಣಿಸಿರಬೇಕು. ಅವಧಿ ಮುಗಿಸಿ ನಿವೃತ್ತರಾದವರಿಗೆ ನ್ಯೂನತೆ ಶೇಕಡ 20ಕ್ಕೆ ಕಡಿಮೆ ಇರಬಾರದು. ವೈದ್ಯಕೀಯ ಕಾರಣದಿಂದ ಬಿಡುಗಡೆಯಾದವರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದ ತೀರ್ಪು ನೀಡಿತು. ಸೇರುವಾಗಿನ ತಪಾಸಣೆಯಲ್ಲಿ ಕಾಯಿಲೆ ನಮೂದಾಗಿರದಿದ್ದರೆ ಅದು ಸೇವೆಯಿಂದ ಬಂದುದೆಂದೇ ಭಾವಿಸಬೇಕು; ಅಲ್ಲವೆನ್ನಲು ಸರಕಾರವೇ ಕಾರಣ ತೋರಿಸಬೇಕು. 2023ರ ಸೆಪ್ಟೆಂಬರ್ 21ರಿಂದೀಚೆಗೆ ಬಿಡುಗಡೆಯಾದವರಿಗೆ ಮಾತ್ರ ಹೊಸ ನಿಯಮಗಳಿವೆ.

ಮಾಡಬೇಕಾದ್ದು ಇಷ್ಟು:

1. ಬಿಡುಗಡೆಯ ವೈದ್ಯಕೀಯ ಮಂಡಳಿಯ ವರದಿ, ಸೇನಾ ಆಸ್ಪತ್ರೆಯ ಚೀಟಿಗಳು, ಎಕ್ಸ್‌ರೇ ಜೋಡಿಸಿಡಿ. ಪೆಟ್ಟಾಗಿದ್ದರೆ ಅಂದಿನ ವರದಿಯ ಪ್ರತಿ ಕೇಳಿ.

2. ತಿರಸ್ಕಾರ ಪತ್ರ ಕೈಸೇರಿದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಫಲಿಸದಿದ್ದರೆ ಎರಡನೆಯದು.

3. ಅನಂತರ ಚೆನ್ನೈನ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು.

ದಿಂಡಿಗಲ್ 1985ರಲ್ಲಿ, ತೇನಿ 1990ರ ದಶಕದಲ್ಲಿ ಮದುರೈಯಿಂದ ಬೇರೆಯಾದವು. ಹಳೆಯ ಕಾಗದಗಳಲ್ಲಿ ಮದುರೈ ಜಿಲ್ಲೆ ಎಂದಿದ್ದರೆ ಗಾಬರಿ ಬೇಡ. ಜಿಲ್ಲಾ ಮಾಜಿ ಸೈನಿಕರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ.

ಮೇಲ್ಮನವಿ ನಡೆಯುತ್ತಿರುವಾಗ ಚಿಕಿತ್ಸೆ ನಿಲ್ಲಿಸಬೇಡಿ. ಕಾಲು ಬಲಗುಂದಿದರೆ, ಮೂತ್ರ ಕಟ್ಟಿದರೆ ಅಂದೇ ಆಸ್ಪತ್ರೆಗೆ ಹೋಗಿ. ನೋವು ಹೇಳಿಕೊಳ್ಳಲು ಸಂಕೋಚಪಡುವ ಹಿರಿಯರಿಗೆ ಮನೆಯ ಓದಿದ ಮಕ್ಕಳು ಕಾಗದ ಹುಡುಕಿ ಕೊಡಲಿ ಎಂದು ನಾವು ಕೇಳಿಕೊಳ್ಳುತ್ತೇವೆ.