ಮಾರಿ: ಹೆಸರಿನ ಉಳಿವು, ಅರ್ಥದ ಕವಲು

ಪ್ರಾಚೀನ ಪುರಾಣವು ಜನಪದದಲ್ಲಿ ಉಳಿಯುವ ಬಗೆ ಒಂದೇ ಅಲ್ಲ. ಸ್ಲಾವ್ ಜನರ ಗುಡುಗಿನ ದೇವರು ಪೆರೂನ್. ಕ್ರೈಸ್ತಧರ್ಮ ಬಂದ ಬಳಿಕ ಅವನ ಆರಾಧನೆ ಹಿಂದೆ ಸರಿಯಿತು. ಗುಡುಗಿನ ಅಧಿಕಾರ ಮಾತ್ರ ಜನರ ನಂಬಿಕೆಯಲ್ಲಿ ಪ್ರವಾದಿ ಎಲೀಯನಿಗೆ ಸಂದಿತು. ಅಲ್ಲಿ ಕಾರ್ಯ ಉಳಿದು ಹೆಸರು ಬದಲಾಯಿತು. ಹೆಸರು ಉಳಿದು ಅರ್ಥ ಕವಲೊಡೆಯುವ ಬಗೆಯನ್ನು ಬೆಂಗಳೂರಿನ ದಂಡುಪ್ರದೇಶದ ಮಾರಮ್ಮನಲ್ಲಿ ಕಾಣುತ್ತೇವೆ.

ಕನ್ನಡದಲ್ಲಿ 'ಮಾರಿ' ಎಂಬುದು ದೇವತೆಯ ಹೆಸರೂ ಹೌದು, ಪಿಡುಗಿನ ಹೆಸರೂ ಹೌದು. ಪಿಡುಗು ಎಂಬರ್ಥದ ಸಂಸ್ಕೃತ 'ಮಾರಿ'ಯನ್ನು ಸಾವನ್ನು ಸೂಚಿಸುವ 'ಮೃ' ಧಾತುವಿನಿಂದ ಸಾಧಿಸುತ್ತಾರೆ. ಅದೇ ಅರ್ಥದ ರಷ್ಯನ್ 'ಮೋರ್' ಪದವೂ ಈ ಧಾತುವಿಗೆ ಜ್ಞಾತಿ. ತಮಿಳಿನಲ್ಲಾದರೋ 'ಮಾರಿ' ಎಂದರೆ ಮಳೆ. ಸಂಗಂ ಸಾಹಿತ್ಯದಲ್ಲಿಯೇ ಈ ಅರ್ಥವಿದೆ. ತಮಿಳಿನ ದೇವತಾನಾಮದಲ್ಲಿಯೂ ಮಳೆಯ ಪದದಲ್ಲಿಯೂ ಇರುವುದು ಸಾಮಾನ್ಯ ರಕಾರವೇ, ಶಕಟರೇಫವಲ್ಲ. ಆದುದರಿಂದ ಧ್ವನಿಯೊಂದರಿಂದಲೇ ಮೂಲವನ್ನು ನಿರ್ಣಯಿಸಲಾಗದು. ಹಲಸೂರು, ಶಿವಾಜಿನಗರಗಳಲ್ಲಿ ಈ ಎರಡೂ ಭಾಷೆಗಳು ಅಕ್ಕಪಕ್ಕದಲ್ಲಿವೆ. ಒಂದೇ ಹೆಸರು ಒಬ್ಬರಿಗೆ ರೋಗವನ್ನೂ ಇನ್ನೊಬ್ಬರಿಗೆ ಮಳೆಯನ್ನೂ ಸೂಚಿಸಬಲ್ಲದು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಿತು. ನಗರದ 'ಪ್ಲೇಗ್ ಮಾರಮ್ಮ' ಎಂಬ ದೇವತಾನಾಮದಲ್ಲಿ ಇಂಗ್ಲಿಷ್ ಪದ ವಿಶೇಷಣವಾಗಿ ಸೇರಿದೆ. 'ಮಾರಿ'ಯು ಇಲ್ಲಿ ಜಾತಿವಾಚಕ, 'ಪ್ಲೇಗ್' ಅದರ ಒಂದು ಬಗೆ. 2020ರಲ್ಲಿ ಕನ್ನಡ ಪತ್ರಿಕೆಗಳು ಕೊರೊನಾವನ್ನು 'ಹೆಮ್ಮಾರಿ' ಎಂದು ಕರೆದುದೂ ಇದೇ ಅರ್ಥದ ಮುಂದುವರಿಕೆ. ಕನ್ನಡದ ಮಟ್ಟಿಗೆ ಪಿಡುಗಿನ ಅರ್ಥ ಜೀವಂತವಾಗಿದೆ ಎಂಬುದಕ್ಕೆ ಇವು ಆಧಾರ. ದೇವತೆಯ ಮೂಲಕ್ಕೆ ಆಧಾರವಲ್ಲ. ವ್ಯುತ್ಪತ್ತಿಯನ್ನೂ ಬಳಕೆಯನ್ನೂ ಬೇರ್ಪಡಿಸಿ ನೋಡಿದಾಗಲೇ ಜನಪದದಲ್ಲಿ ನಿಜವಾಗಿ ಉಳಿದುದೇನೆಂಬುದನ್ನು ಗುರುತಿಸಬಲ್ಲೆವು.