ಕಾರಿನ ಕೀ ಸೆಲ್ ಬದಲಿಸೋಕೂ ಸರ್ವಿಸ್ ಸೆಂಟರ್ ಬೇಕಾ?

ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿ.ಮೀ. ಕುಣಿಗಲ್‌ನಿಂದಾದರೆ ಹೆಚ್ಚುಕಮ್ಮಿ ಅದರ ಎರಡರಷ್ಟು. ರಿಮೋಟ್ ಒತ್ತಿದರೆ ಕಾರಿನ ಡೋರ್ ತೆಗೀತಿಲ್ಲ ಅಂತ ಅಷ್ಟು ದೂರ ಬಂದು, ಸರ್ವಿಸ್ ಸೆಂಟರಿನಲ್ಲಿ ಜಾಬ್ ಕಾರ್ಡ್ ಬರೆಸಿ ಕಾಯುವವರಿದ್ದಾರೆ. ಒಳಗೆ ಆಗುವ ಕೆಲಸ ಇಷ್ಟೇ: ಕೀ ಮೇಲಿನ ಪ್ಲಾಸ್ಟಿಕ್ ಬಿಚ್ಚಿ, ಒಂದು ರೂಪಾಯಿ ನಾಣ್ಯದಷ್ಟಿರುವ ಸೆಲ್ ತೆಗೆದು, ಹೊಸದು ಕೂರಿಸುವುದು. ಸೆಲ್ಲಿನ ಬೆಲೆ ಸಾಮಾನ್ಯವಾಗಿ ನೂರು ರೂಪಾಯಿಯೊಳಗೆ. ಉಳಿದಿದ್ದೆಲ್ಲ ಪೆಟ್ರೋಲು, ಲೇಬರ್ ಚಾರ್ಜು ಮತ್ತು ನಮ್ಮ ಭಯದ ಬಾಡಿಗೆ.

ವಿಚಿತ್ರ ಏನೆಂದರೆ, ಇದೇ ತುಮಕೂರಿನಲ್ಲಿ 1978ರಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಶುರುವಾಗಿತ್ತು. ಮುಂದೆ ಅಲ್ಲಿ ಸೆಲ್ ಹಾಕಿ ಓಡಿಸುವ ಕ್ವಾರ್ಟ್ಜ್ ವಾಚುಗಳೂ ತಯಾರಾದವು. ಸೆಲ್ ಮುಗಿದರೆ ಯಾರೂ ವಾಚ್ ಹಿಡಿದು ಫ್ಯಾಕ್ಟರಿ ಗೇಟಿಗೆ ಹೋಗುತ್ತಿರಲಿಲ್ಲ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿರುತ್ತಿದ್ದ ವಾಚ್ ರಿಪೇರಿಯವರು ನಮ್ಮ ಕಣ್ಣೆದುರೇ ಬಿಚ್ಚಿ ಹಾಕಿಕೊಡುತ್ತಿದ್ದರು. ವಾಚ್ ನಂದು, ಯಾರ ಕೈಲಿ ಬೇಕಾದರೂ ಬಿಚ್ಚಿಸ್ತೀನಿ. ಇದನ್ನು ಹಕ್ಕು ಅಂತ ಕರೆಯುವ ಅಗತ್ಯವೇ ಬಿದ್ದಿರಲಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚ್ ಕಂಪನಿಯನ್ನೇ ಮುಚ್ಚಲು ತೀರ್ಮಾನಿಸಿತು. ವಾಚಿಗಿಂತ ನೂರಾರು ಪಟ್ಟು ದುಡ್ಡು ಕೊಟ್ಟು ಕಾರು ತಗೊಂಡವರು ಈಗ ಅದರ ಕೀ ಬಿಚ್ಚೋಕೆ ಹೆದರುತ್ತಿದ್ದಾರೆ.

ಹೆದರಿಕೆಗೆ ಕಾರಣ ಒಂದು ಮಾತು: "ಸೆಲ್ ತೆಗೆದ್ರೆ ಕೋಡಿಂಗ್ ಹೋಗುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ." ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಕೀ ಒಳಗೆ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಒಂದು, ಡೋರ್ ಲಾಕ್ ತೆಗೆಯುವ ರಿಮೋಟ್. ಬಟನ್ ಒತ್ತಿದಾಗಲೆಲ್ಲ ಅದು ರೇಡಿಯೋ ಅಲೆಯಲ್ಲಿ ಒಂದು ಕೋಡ್ ಕಳಿಸುತ್ತದೆ, ಪ್ರತಿ ಸಲವೂ ಹೊಸದು. ಇದಕ್ಕೆ ಸೆಲ್ ಬೇಕು. ಆದರೆ ಕೋಡ್ ಎಲ್ಲಿಯವರೆಗೆ ಬಂದಿದೆ ಎಂಬ ಲೆಕ್ಕ ಇರುವುದು ಕರೆಂಟ್ ಇಲ್ಲದಿದ್ದರೂ ಅಳಿಯದ ಮೆಮೊರಿಯಲ್ಲಿ. ನಿಮ್ಮ ಪೆನ್ ಡ್ರೈವ್ ಕಂಪ್ಯೂಟರಿನಿಂದ ಕಿತ್ತ ಕೂಡಲೇ ಖಾಲಿಯಾಗುತ್ತಾ? ಹಾಗೇ ಇದು. ಕೆಲವು ಮಾಡೆಲ್‌ಗಳಲ್ಲಿ ಮಾತ್ರ ರಿಮೋಟನ್ನು ಮತ್ತೆ ಹೊಂದಿಸಬೇಕಾಗುತ್ತದೆ, ಅದರ ವಿಧಾನ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲೇ ಇರುತ್ತದೆ.

ಎರಡನೆಯದು ಇಮ್ಮೊಬಿಲೈಸರ್‌ನ ಚಿಪ್. ಎಂಜಿನ್ ಸ್ಟಾರ್ಟ್ ಆಗಲು ಒಪ್ಪಿಗೆ ಕೊಡುವುದು ಇದು. ಇದಕ್ಕೆ ಸೆಲ್ಲೇ ಬೇಡ. ಕೀ ಹಾಕುವ ಜಾಗದ ಸುತ್ತ ಒಂದು ತಂತಿ ಸುರುಳಿ ಇರುತ್ತದೆ, ಅದರಿಂದಲೇ ಚಿಪ್ಪಿಗೆ ಬೇಕಾದಷ್ಟು ಶಕ್ತಿ ಸಿಗುತ್ತದೆ. ಪುಶ್ ಸ್ಟಾರ್ಟ್ ಕಾರಾದರೆ ಸೆಲ್ ಸತ್ತ ಕೀಯನ್ನು ಸ್ಟಾರ್ಟ್ ಬಟನ್ನಿಗೆ, ಅಥವಾ ಪುಸ್ತಕ ತೋರಿಸುವ ಜಾಗಕ್ಕೆ, ತಾಗಿಸಿ ಹಿಡಿಯಬೇಕು. ಡೋರ್ ತೆಗೆಯಲು ಸಾಮಾನ್ಯವಾಗಿ ಆ ಕೀ ಒಳಗೇ ಒಂದು ಲೋಹದ ಕೀ ಅಡಗಿರುತ್ತದೆ. ಅಂದರೆ ರಾತ್ರಿ ಕುಣಿಗಲ್ ಬೈಪಾಸಿನಲ್ಲಿ ಸೆಲ್ ಪೂರ್ತಿ ಸತ್ತರೂ ನೀವು ಮನೆ ಸೇರಬಹುದು.

ಈಗ ಕೆಲಸಕ್ಕೆ ಬರೋಣ. ಮೊದಲು ಮನೆಯಲ್ಲಿರುವ ಎರಡನೇ ಕೀ ಒತ್ತಿ ನೋಡಿ. ಅದು ದೂರದಿಂದಲೇ ಕೆಲಸ ಮಾಡಿ, ಇದು ಡೋರಿನ ಹತ್ತಿರ ಹೋದರೆ ಮಾತ್ರ ಕೆಲಸ ಮಾಡಿದರೆ ಈ ಕೀಯ ಸೆಲ್ ಮುಗಿದಿದೆ ಅಂತ ಅಂದುಕೊಳ್ಳಬಹುದು. ಎರಡೂ ಕೈಕೊಟ್ಟರೆ ಅನುಮಾನ ಕಾರಿನ ಮೇಲೆ ಹೋಗಬೇಕು. ಕೀಯ ಅಂಚಿನಲ್ಲಿ ಸಣ್ಣ ಸಂದು ಇರುತ್ತದೆ. ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರ್ ಅಲ್ಲಿಟ್ಟು ನಿಧಾನ ತಿರುಗಿಸಿ. ಕೆಲವದಕ್ಕೆ ಸ್ಕ್ರೂ ಇರುತ್ತದೆ, ಬಲ ಹಾಕುವ ಮುಂಚೆ ನೋಡಿಕೊಳ್ಳಿ. ತೆರೆದ ಕೂಡಲೇ ಫೋನಿನಲ್ಲಿ ಒಂದು ಫೋಟೋ ತಗೊಳ್ಳಿ. ಸೆಲ್ಲಿನ ಯಾವ ಮುಖ ಮೇಲಿತ್ತು ಅನ್ನೋದು ಆಮೇಲೆ ಖಂಡಿತ ಮರೆಯುತ್ತೆ. ಅಕ್ಷರ ಬರೆದಿರುವ ಅಗಲದ ಮುಖವೇ ಪ್ಲಸ್. ಹಸಿರು ಬೋರ್ಡನ್ನು ಮುಟ್ಟಬೇಡಿ.

ಸೆಲ್ ಮೇಲಿನ ನಂಬರ್‌ನಲ್ಲೇ ಅಳತೆ ಇದೆ. ಸಿಆರ್ 2032 ಅಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. 2025 ಅಂದರೆ ದಪ್ಪ 2.5. ಎರಡೂ 3 ವೋಲ್ಟೇ ಆದರೂ ಒಂದರ ಜಾಗಕ್ಕೆ ಇನ್ನೊಂದು ಬೇಡ. ತೆಳ್ಳಗಿನದು ಅಲ್ಲಾಡುತ್ತದೆ, ದಪ್ಪದ್ದು ಕ್ಲಿಪ್ ಬಗ್ಗಿಸುತ್ತದೆ. ನಾಲ್ಕು ವರ್ಷದ ಇಂಜಿನಿಯರಿಂಗಿನಿಂದ ನನ್ನ ಹತ್ತಿರ ಉಳಿದಿರೋದು ಒಂದು ಮಲ್ಟಿಮೀಟರ್. ಅದನ್ನು ಹಿಡಿದವರಿಗೆ ಒಂದು ಎಚ್ಚರಿಕೆ: ಈ ಲಿಥಿಯಂ ಸೆಲ್ಲುಗಳು ಮುಕ್ಕಾಲು ಪಾಲು ಖರ್ಚಾದ ಮೇಲೂ ಸುಮ್ಮನಿರುವಾಗ 3 ವೋಲ್ಟಿನ ಆಸುಪಾಸೇ ತೋರಿಸುತ್ತವೆ. ಬಟನ್ ಒತ್ತಿದಾಗ ವೋಲ್ಟೇಜ್ ಎಷ್ಟು ಕುಸಿಯುತ್ತದೆ ಅನ್ನೋದೇ ನಿಜವಾದ ಪರೀಕ್ಷೆ.

ವಾರಂಟಿ ಹೋಗುತ್ತಲ್ಲ ಅಂತ ಕೇಳುವವರಿಗೆ 2014ರ ಆಗಸ್ಟ್ ತಿಂಗಳ ಒಂದು ಆದೇಶ ನೆನಪಿಸಬೇಕು. ಶಂಶೇರ್ ಕಟಾರಿಯಾ ಎಂಬುವರ ದೂರಿನಿಂದ ಶುರುವಾದ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ಅಸಲಿ ಬಿಡಿಭಾಗ ಮತ್ತು ದೋಷ ಪತ್ತೆಯ ಉಪಕರಣಗಳನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿದ್ದು ತಪ್ಪು ಎಂದಿತು. ಹೊರಗೆ ರಿಪೇರಿ ಮಾಡಿಸಿದರೆ ಇಡೀ ವಾರಂಟಿಯೇ ರದ್ದು ಎಂಬ ಸಾರಾಸಗಟು ಷರತ್ತು ಹಾಕುವಂತಿಲ್ಲ, ಹೊರಗಿನ ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿ ಹೋದವು. 2022ರ ಡಿಸೆಂಬರ್ 24ರಂದು ಕೇಂದ್ರ ಸರ್ಕಾರ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು, ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಪೋರ್ಟಲ್ ಅಂದರೆ ಪೋರ್ಟಲ್, ಅದು ಕಾಯ್ದೆಯಲ್ಲ. ಯುರೋಪ್ ಒಕ್ಕೂಟದ ನಿಯಮವಾದರೆ 2027ರ ಫೆಬ್ರುವರಿ 18ರಿಂದ, ಕೆಲವು ವಿನಾಯಿತಿ ಬಿಟ್ಟು, ಸಾಧನಗಳ ಸಣ್ಣ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು ಎನ್ನುತ್ತದೆ.

ಕೀ ಕಳೆದುಹೋದರೆ ಮಾತ್ರ ವಿಷಯ ಬೇರೆ. ಹೊಸ ಕೀಯನ್ನು ಕಾರಿಗೆ ಪರಿಚಯಿಸಲು ವಿಶೇಷ ಉಪಕರಣ ಬೇಕು. ಅದು ಎಲ್ಲರ ಕೈಗೆ ಸಿಕ್ಕರೆ ಕಳ್ಳರಿಗೂ ಸಿಗುತ್ತದೆ ಎಂಬ ಕಂಪನಿಗಳ ವಾದದಲ್ಲಿ ಸ್ವಲ್ಪ ನಿಜವಿದೆ, ಆ ಬೀಗ ಯಾರ ಕೈಲಿರಬೇಕು ಅನ್ನೋದು ಚರ್ಚಿಸಬೇಕಾದ ಪ್ರಶ್ನೆ. ಸೆಲ್ಲಿನಲ್ಲಿ ಅಂಥ ಯಾವ ಗುಟ್ಟೂ ಇಲ್ಲ.

ಮಕ್ಕಳಿರುವ ಮನೆಯಲ್ಲಿ ಹಳೆಯ ಸೆಲ್ ಟೇಬಲ್ ಮೇಲೆ ಬಿಡಬೇಡಿ. ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು, ರಿಮೋಟಿಗೆ ಸಾಲದ ಸೆಲ್ಲಿಗೂ ಅಷ್ಟು ಶಕ್ತಿ ಇರುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತಕ್ಷಣ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಬೇಕು. ತೆಗೆದ ಸೆಲ್ಲಿನ ಎರಡೂ ಮುಖಕ್ಕೆ ಟೇಪ್ ಅಂಟಿಸಿ ಎತ್ತರದಲ್ಲಿಡಿ, ಕಸದ ಗಾಡಿಗೆ ಹಾಕಬೇಡಿ. ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆ ತಯಾರಕರದ್ದು ಎಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ ಹೇಳುತ್ತದೆ. ಮುಂದಿನ ಸರ್ವಿಸಿಗೆ ಹೋದಾಗ ಕೌಂಟರಿನಲ್ಲಿ ಕೊಟ್ಟು, ಇದನ್ನು ಎಲ್ಲಿಗೆ ಕಳಿಸ್ತೀರಿ ಅಂತ ಕೇಳಿ.